ಶಾಲು ಹೊದಿಸುವ ಬದಲು ಫೋಟೋ ತೆಗೆದೆವು

ಮೊನ್ನೆ ನಮ್ಮ ಸ್ವಯಂಸೇವಕರ ಭಾವಚಿತ್ರ ಪ್ರದರ್ಶನ ಮುಗಿಯಿತು. ಫ್ರೇಮುಗಳು ಒಂದೊಂದಾಗಿ ಅವರವರ ಮನೆ ಸೇರುತ್ತಿವೆ. ಊರಿನಲ್ಲಿ ಸಂಬಳವಿಲ್ಲದೆ ದುಡಿಯುವವರು ಬಹಳ ಜನ ಇದ್ದಾರೆ. ನಡುರಾತ್ರಿ ಫೋನ್ ಬಂದರೆ ಜೀಪು ತೆಗೆಯುವವರು, ಮನೆಗೆ ಹಾವು ಬಂದರೆ ಓಡಿ ಬರುವವರು, ವಾರಸುದಾರರಿಲ್ಲದ ಶವಕ್ಕೆ ಸಂಸ್ಕಾರ ಮಾಡುವವರು, ರಕ್ತ ಬೇಕೆಂದರೆ ಹಳೆಯ ನೋಟ್‌ಬುಕ್ ತೆರೆದು ಒಬ್ಬೊಬ್ಬರಿಗೂ ಕರೆ ಮಾಡುವವರು. ಇವರನ್ನು ವೇದಿಕೆಗೆ ಹತ್ತಿಸಿ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಎರಡು ನಿಮಿಷದಲ್ಲಿ ಇಳಿಸುವ ಬದಲು, ಒಬ್ಬೊಬ್ಬರದ್ದೂ ಒಂದು ಒಳ್ಳೆಯ ಭಾವಚಿತ್ರ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಊರವರೆಲ್ಲ ನೋಡುವ ಹಾಗೆ ಇಡೋಣ ಎಂದು ನಮ್ಮ ಗೆಳೆಯರ ಗುಂಪು ಹೊರಟಿತು. ಕೇಳಲು ಸುಲಭ. ಆದರೆ ಕ್ಯಾಮೆರಾ ಕೈಯಲ್ಲಿ ಹಿಡಿದ ಹೊತ್ತು ಇಡೀ ಕೆಲಸದಲ್ಲಿ ತೀರಾ ಚಿಕ್ಕ ಪಾಲು. ಉಳಿದದ್ದೆಲ್ಲ ಪಟ್ಟಿ, ಸಹಿ, ಹೆಸರಿನ ಕಾಗುಣಿತ, ಹಾಲ್ ಬುಕಿಂಗ್, ಮತ್ತು ಕಾಯುವುದು. ನಮ್ಮ ಕೊಡಗಿನದೇ ನಾಪೋಕ್ಲು, ಸೋಮವಾರಪೇಟೆ ಕಡೆಯಿಂದ ಕೆಲವರು ಇದೇ ಕೆಲಸ ಮಾಡಬೇಕೆಂದು ಕೇಳುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ. ಕೊಡಗಿನಲ್ಲಿ ಈ ಕೆಲಸಕ್ಕೆ ಒದಗುವ ತಿಂಗಳು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮರ ಬೀಳುವುದು, ಗುಡ್ಡದ ಬರೆ ಕುಸಿಯುವುದು, ಹೊಳೆ ಉಕ್ಕುವುದು ಎಲ್ಲ ಆಗಲೇ ಆದ್ದರಿಂದ ನಮಗೆ ಬೇಕಾದವರು ಯಾರೂ ಆಗ ಕೈಗೆ ಸಿಗುವುದಿಲ್ಲ. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಶುರುವಾದರೆ ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗಿರುತ್ತದೆ. ಫೆಬ್ರವರಿವರೆಗೆ ತೋಟದವರು ಕಣ ಬಿಟ್ಟು ಕದಲುವುದಿಲ್ಲ. ನಡುವೆ ಪುತ್ತರಿ, ಕೊಡಗಿನ ಸುಗ್ಗಿ ಹಬ್ಬ. ಏಪ್ರಿಲ್, ಮೇ ಬಂತೆಂದರೆ ಮದುವೆಗಳು, ಜೊತೆಗೆ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ. ಅರ್ಧ ಊರು ಮೈದಾನದಲ್ಲಿ. ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ ಡಿಸೆಂಬರ್ 5. ವಿಶ್ವಸಂಸ್ಥೆ 1985ರಲ್ಲಿ ಘೋಷಿಸಿದ ದಿನ ಅದು, ಪ್ರದರ್ಶನ ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದೂ ಅದೇ. ಆದರೆ ಕಾಫಿ ನಾಡಿಗೆ ಆ ದಿನ ಸರಿ ಹೋಗುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಫೋಟೋ ತೆಗೆಯುವುದು, ಕೊಯ್ಲಿನ ತಿಂಗಳುಗಳಲ್ಲಿ ಕೂತು ಬರವಣಿಗೆ ಮತ್ತು ಪ್ರಿಂಟಿನ ಕೆಲಸ ಮುಗಿಸುವುದು, ಮಾರ್ಚ್‌ನಲ್ಲಿ ಪ್ರದರ್ಶನ ಇಡುವುದು, ಇದು ನಮಗೆ ಹೊಂದಿತು. ಅಕ್ಟೋಬರ್‌ನಲ್ಲೂ ದಸರಾ ಮತ್ತು 17ರ ಆಸುಪಾಸಿನ ಕಾವೇರಿ ತುಲಾ ಸಂಕ್ರಮಣದ ದಿನಗಳನ್ನು ಬಿಟ್ಟೇ ಲೆಕ್ಕ ಹಾಕಿ.

ಪಟ್ಟಿ ಮಾಡುವ ಹೊತ್ತಿಗೇ ಮಾತು ಬಿಸಿಯಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಸಮಾಜಗಳಿವೆಯೋ ಅಷ್ಟೂ ಕಡೆಯಿಂದ ಬರುವ ಮೊದಲ ಪ್ರಶ್ನೆ ಒಂದೇ: ನಮ್ಮವರು ಎಷ್ಟು ಜನ ಇದ್ದಾರೆ? ಯಾರ ಮನಸ್ಸನ್ನೂ ನೋಯಿಸಬಾರದೆಂದು ಸಮಾಜಕ್ಕೆ ಇಷ್ಟು ಎಂದು ಹಂಚಲು ಹೊರಟರೆ ಕೆಲಸ ಕೆಟ್ಟಿತು. ಹೆಸರು ಕೇಳುವ ಮೊದಲೇ ನಿಯಮ ಬರೆದು ಪಂಚಾಯಿತಿ ಕಚೇರಿ, ಸೊಸೈಟಿ, ಹಾಲಿನ ಡೇರಿ ಬಳಿ ಅಂಟಿಸಿ. ನಾವು ಇಟ್ಟದ್ದು ನಾಲ್ಕು. ಕನಿಷ್ಠ ಮೂರು ವರ್ಷದಿಂದ ಮಾಡುತ್ತಿರುವ ಕೆಲಸವಾಗಿರಬೇಕು. ಸಹಾಯ ಪಡೆದವರಿಂದ ದುಡ್ಡು ತೆಗೆದುಕೊಂಡಿರಬಾರದು. ಈಗ ಚುನಾಯಿತ ಸ್ಥಾನದಲ್ಲಿರಬಾರದು. ಸೂಚಿಸುವವರು ಇಬ್ಬರು ಬೇಕು, ಇಬ್ಬರೂ ಅವರ ಮನೆಯವರಾಗಿರಬಾರದು, ಒಬ್ಬರಾದರೂ ಆ ಸಹಾಯ ಪಡೆದವರಾಗಿರಬೇಕು. ಈ ಕೊನೆಯ ನಿಯಮದಿಂದಲೇ ಪಟ್ಟಿ ತಾನಾಗಿ ಸೋಸಿಕೊಂಡಿತು. ಬ್ಯಾನರ್‌ನಲ್ಲಿ ದಿನವೂ ಕಾಣುವ ಕೆಲವು ಮುಖಗಳಿಗೆ ಸೂಚಕರೇ ಸಿಗಲಿಲ್ಲ. ಹೆಸರೇ ಕೇಳದ ಒಬ್ಬ ಆಟೋದವರಿಗೆ ಅರ್ಜಿಗಳು ಸಾಲಾಗಿ ಬಂದವು.

ಆಶಾ ಕಾರ್ಯಕರ್ತೆಯರಿಗೆ ಗೌರವಧನ ಸಿಗುತ್ತದಲ್ಲ, ಅವರನ್ನು ಸೇರಿಸಬೇಕೇ ಎಂಬ ಚರ್ಚೆ ಎಲ್ಲ ಕಡೆಯೂ ಬರುತ್ತದೆ. ಗೃಹರಕ್ಷಕರ ದಿನಭತ್ಯೆಯ ವಿಚಾರವೂ ಹಾಗೇ. 2005ರಲ್ಲಿ ಆಶಾ ಯೋಜನೆ ಬಂದಾಗಿನಿಂದ ಸರ್ಕಾರ ಆಶಾದವರನ್ನು ನೌಕರರೆಂದು ಒಪ್ಪಿಕೊಂಡೇ ಇಲ್ಲ. ಹಾಗಿರುವಾಗ ಸ್ವಯಂಸೇವಕರ ಸಾಲಿನಿಂದಲೂ ನಾವು ಹೊರಗಿಟ್ಟರೆ ಅವರು ಹೋಗುವುದೆಲ್ಲಿಗೆ? ಸೇರಿಸಿದೆವು. ಗೃಹರಕ್ಷಕರಲ್ಲಿ ಡ್ಯೂಟಿಯ ಆಚೆಗೂ ಕೆಲಸ ಮಾಡಿದವರನ್ನು ಮಾತ್ರ ತೆಗೆದುಕೊಂಡೆವು.

2018ರ ಆಗಸ್ಟ್‌ನ ಹೆಸರುಗಳು ಬೇರೆಯೇ ತೊಡಕು. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಸೇನೆ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ತಲುಪುವ ಮೊದಲೇ ಕೆಸರಿಗೆ ಇಳಿದವರು ಅಲ್ಲಿನ ಹುಡುಗರೇ. ಯಾರು ಯಾರನ್ನು ಹೊತ್ತು ತಂದರು ಎಂಬುದರಲ್ಲಿ ಇಂದಿಗೂ ಒಂದೊಂದು ಮನೆಯಲ್ಲಿ ಒಂದೊಂದು ನೆನಪು. ಒಬ್ಬರನ್ನು ಒಪ್ಪಿಸಲು ಹೋದರೆ, “ನಾನೊಬ್ಬನೇ ಹೊತ್ತೆನಾ? ಅವನನ್ನೂ ಕರೀರಿ, ಇಲ್ಲಾಂದ್ರೆ ನನ್ನದೂ ಬೇಡ” ಎಂಬ ಉತ್ತರ. ಅಂಥವರಿಗೆ ಒಂಟಿ ಚಿತ್ರ ಬೇಡ. ಮೂವರು ನಾಲ್ವರನ್ನು ಒಟ್ಟಿಗೆ ನಿಲ್ಲಿಸಿ. ಆಗ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 8ಕ್ಕೆ ತನ್ನಿ, ಇಲ್ಲದಿದ್ದರೆ ಹಿಂದೆ ನಿಂತವರ ಕಣ್ಣು ಮಸುಕಾಗುತ್ತದೆ. ಆ ಜಾಗಕ್ಕೇ ಕರೆದೊಯ್ದು ತೆಗೆಯೋಣ ಎಂದು ಫೋಟೋಗ್ರಾಫರ್‌ಗಳಿಗೆ ಅನಿಸುವುದು ಸಹಜ. ಆದರೆ ಅಲ್ಲಿ ಮನೆ ಕಳೆದುಕೊಂಡವರಿದ್ದಾರೆ. ಕೇಳಿ ನೋಡಿ, ಮುಖದಲ್ಲಿ ಒಂದು ಕ್ಷಣ ಹಿಂಜರಿಕೆ ಕಂಡರೂ ಅಂಗಳವೇ ಸಾಕು.

ಯಾರೂ ಮುಂಚಿತವಾಗಿ ಹೇಳದಿದ್ದ ಅಡ್ಡಿಯೊಂದಿದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಮನೆಗಳಲ್ಲಿ ಮುಖ ಮಾತ್ರ ಕಾಣುವ ದೊಡ್ಡ ಫೋಟೋಗೆ ಫ್ರೇಮ್ ಹಾಕಿ ಗೋಡೆಗೆ ತೂಗಿಸುವುದು ಯಾರಿಗೆ? ತೀರಿಕೊಂಡವರಿಗೆ. ಐನ್‌ಮನೆಗಳ, ಅಂದರೆ ಮನೆತನದ ಮೂಲಮನೆಗಳ, ನಡುಮನೆಯಲ್ಲಿ ಇರುವುದೂ ಹಿರಿಯರ ಚಿತ್ರಗಳೇ. ಸೂಲಗಿತ್ತಿಯಾಗಿ ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದ ಅಜ್ಜಿಯೊಬ್ಬರು ಮಾದರಿ ಪ್ರಿಂಟ್ ನೋಡಿ, “ನಾನಿನ್ನೂ ಇದ್ದೇನಲ್ಲ ಮಕ್ಕಳೇ, ಈಗಲೇ ಗೋಡೆಗೆ ಹಾಕ್ತೀರಾ?” ಎಂದು ನಕ್ಕರು. ಅವರು ನಕ್ಕರು, ಪಕ್ಕದಲ್ಲಿದ್ದ ಮಗ ನಗಲಿಲ್ಲ. ಅದಾದ ಮೇಲೆ ಕೆಲವು ತೀರ್ಮಾನ ಮಾಡಿಕೊಂಡೆವು. ಕಪ್ಪು ಬಿಳುಪು ಬೇಡ, ಎಲ್ಲವೂ ಬಣ್ಣದಲ್ಲೇ ಇರಲಿ. ಕಪ್ಪು ಅಂಚಿನ ಫ್ರೇಮ್ ಬೇಡ, ತಿಳಿ ಮರದ ಬಣ್ಣದ್ದು ಸಾಕು. ಮುಖ, ಹೆಗಲಷ್ಟೇ ಇರುವ ಚೌಕಟ್ಟು ಬೇಡ. ಸೊಂಟದವರೆಗೆ ಬರಲಿ, ಕೈಗಳು ಕಾಣಲಿ, ಕೈಯಲ್ಲಿ ಏನಾದರೂ ಕೆಲಸ ಇರಲಿ. ಲಂಬ ಚಿತ್ರಕ್ಕಿಂತ ಅಡ್ಡ ಚಿತ್ರ ವಾಸಿ. ಪ್ರದರ್ಶನದಲ್ಲಿ ಯಾವ ಚಿತ್ರಕ್ಕೂ ಹೂವಿನ ಮಾಲೆ ಹಾಕಬಾರದು, ಚಿತ್ರದ ಮುಂದೆ ದೀಪ ಇಡಬಾರದು, ಗಂಧದ ಹಾರವಂತೂ ಹತ್ತಿರ ಬರಲೇಬಾರದು. ಇದನ್ನು ಅಲಂಕಾರ ಮಾಡುವವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಗೌರವಕ್ಕೆಂದು ಮಾಲೆ ತರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅಜ್ಜಿಯ ಚಿತ್ರದಲ್ಲಿ ಈಗ ಅವರು ಬಾಣಂತಿಗೆ ಎಣ್ಣೆ ಕಾಯಿಸುತ್ತಿದ್ದಾರೆ. ಮಗನೂ ಒಪ್ಪಿದ.

ಒಪ್ಪಿಗೆ ಪತ್ರ ಒಂದೇ ಹಾಳೆಯಲ್ಲಿ ಮುಗಿಯಲಿ, ಕನ್ನಡದಲ್ಲೇ ಇರಲಿ. ಫೋಟೋ ತೆಗೆಯಲು, ಪ್ರದರ್ಶನದಲ್ಲಿ ಇಡಲು, ಪತ್ರಿಕೆಗೆ ಕೊಡಲು, ಫೇಸ್‌ಬುಕ್ ವಾಟ್ಸ್ಆ್ಯಪ್‌ಗೆ ಹಾಕಲು, ಮುಂದೆ ಪುಸ್ತಕ ಮಾಡಿದರೆ ಸೇರಿಸಲು, ಇವಕ್ಕೆ ಬೇರೆ ಬೇರೆ ಚೌಕಗಳಿರಲಿ. ಒಟ್ಟಿಗೆ ಒಂದೇ ಸಹಿ ಕೇಳಿದರೆ ಅರ್ಧ ಜನ ಹಿಂದೆ ಸರಿಯುತ್ತಾರೆ. ಬೇರೆ ಮಾಡಿದ ಮೇಲೆ ಮೊದಲ ಎರಡಕ್ಕೆ ಎಲ್ಲರೂ ಟಿಕ್ ಹಾಕಿದರು, ಫೇಸ್‌ಬುಕ್‌ಗೆ ಹಲವರು ಬೇಡವೆಂದರು. ವಾರಸುದಾರರಿಲ್ಲದ ಶವಗಳ ಕೆಲಸ ಮಾಡುವವರಲ್ಲಿ ಇದು ಜಾಸ್ತಿ. ಹೆಣ್ಣು ನೋಡಲು ಹೋದಾಗ ಯಾರಾದರೂ ಆ ಫೋಟೋ ಮುಂದಿಟ್ಟರೆ ಎಂಬ ಅಂಜಿಕೆ. ಮನಸ್ಸು ಬದಲಾದರೆ ಚಿತ್ರವನ್ನು ಯಾವಾಗ ಬೇಕಾದರೂ ತೆಗೆದುಹಾಕಿಸಬಹುದು ಎಂಬ ಸಾಲು, ಯಾರಿಗೆ ಹೇಳಬೇಕೆಂಬ ಫೋನ್ ನಂಬರ್ ಎರಡೂ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಎನ್‌ಎಸ್‌ಎಸ್, ಸ್ಕೌಟ್ಸ್ ಹುಡುಗ ಹುಡುಗಿಯರಿದ್ದರೆ ತಂದೆ ತಾಯಿಯ ಸಹಿ ಬೇಕೇ ಬೇಕು. ಹಿನ್ನೆಲೆಯಲ್ಲಿ ರೋಗಿ ಅಥವಾ ಸಹಾಯ ಪಡೆದವರು ಕಾಣುತ್ತಿದ್ದರೆ ಅವರದ್ದೂ ಬೇಕು. ಅವರನ್ನು ಚೌಕಟ್ಟಿನಿಂದ ಹೊರಗಿಡುವುದೇ ಸುಲಭ.

ಫೋಟೋಗ್ರಾಫರ್ ಜೊತೆಗೂ ಒಂದು ಹಾಳೆ ಬರೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಮಾತಾಗಿಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಗೆಳೆತನಕ್ಕೆ ಪುಕ್ಕಟೆ ತೆಗೆದುಕೊಟ್ಟರೆ ಹಕ್ಕು ತೆಗೆದವರಲ್ಲೇ ಉಳಿಯುತ್ತದೆ. ನಾಳೆ ಅದೇ ಚಿತ್ರ ಯಾವುದೋ ಹೋಂಸ್ಟೇ ಜಾಹೀರಾತಿನಲ್ಲಿ ಬಂದರೆ ಊರವರು ನಿಮ್ಮನ್ನೇ ಕೇಳುವುದು. ಜಾಹೀರಾತಿಗೆ ಯಾರೂ ಬಳಸುವಂತಿಲ್ಲ ಎಂದು ಎರಡೂ ಕಡೆಯವರು ಸಹಿ ಮಾಡಿ.

ಇನ್ನು ಕ್ಯಾಮೆರಾ. 24 ಮೆಗಾಪಿಕ್ಸೆಲ್ ಇದ್ದರೆ ಧಾರಾಳವಾಯಿತು. 12 ಇಂಚು 18 ಇಂಚಿನ ಪ್ರಿಂಟ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3600 ಗುಣಿಸು 5400 ಪಿಕ್ಸೆಲ್ ಸಾಕು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಆದರೆ 85 ಎಂಎಂ, ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರ್) ಆದರೆ 50 ಎಂಎಂ ಲೆನ್ಸ್. ಮೊಬೈಲಿನ ಪೋರ್ಟ್ರೇಟ್ ಮೋಡ್ ಬೇಡ. ಕೂದಲಿನ ಅಂಚು, ಕಿವಿಯ ಓಲೆ, ಕನ್ನಡಕದ ಕಡ್ಡಿಗಳನ್ನು ಅದು ತಿಂದುಹಾಕುವುದು ದೊಡ್ಡ ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ. ಒಂದು ಫ್ಲಾಶ್, ಬಿಳಿ ಛತ್ರಿ, ಅದಕ್ಕೊಂದು ಸ್ಟ್ಯಾಂಡ್, ಮಡಚುವ ರಿಫ್ಲೆಕ್ಟರ್, ಬಣ್ಣ ಸರಿಹೊಂದಿಸಲು ಗ್ರೇ ಕಾರ್ಡ್, ಎರಡು ಬ್ಯಾಟರಿ. ಕರೆಂಟ್ ನಂಬಿ ಹೊರಡಬೇಡಿ, ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಟ್ಟುಕೊಳ್ಳಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಮಡಿಕೇರಿ ಚಳಿಯಿಂದ ಬಂದು ಒಲೆ ಉರಿಯುವ ಅಡುಗೆಮನೆಗೆ ಕ್ಯಾಮೆರಾ ಒಯ್ದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಬ್ಯಾಗಿನ ಜಿಪ್ ತೆರೆಯದೆ ಕಾಲು ಗಂಟೆ, ಅರ್ಧ ಗಂಟೆ ಒಳಗಿಟ್ಟು ಆಮೇಲೆ ತೆಗೆಯಿರಿ. ಆ ಹೊತ್ತಿಗೆ ಕಾಫಿಯೂ ಬಂದಿರುತ್ತದೆ.

ತೋಟದೊಳಗೆ ಫೋಟೋ ಚೆಂದ ಬರುತ್ತದೆ ಎಂದುಕೊಳ್ಳುವವರೇ ಎಲ್ಲರೂ. ಬರುವುದಿಲ್ಲ. ನೆರಳು ಮರಗಳ ಎಲೆ ದಾಟಿ ಬರುವ ಬೆಳಕು ಹಸಿರು. ಹಣೆ, ಮೂಗಿನ ಮೇಲೆ ಹಸಿರು ಛಾಯೆ ಬೀಳುತ್ತದೆ, ಗದ್ದದ ಕೆಳಗೆ ಕೆಂಪು ಮಣ್ಣಿನ ಛಾಯೆ. ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಹೊಂದಾಣಿಕೆ) ಬದಲಾಯಿಸಿದರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ, ಯಾಕೆಂದರೆ ಒಂದೇ ಮುಖದ ಮೇಲೆ ಎರಡು ಬಣ್ಣದ ಬೆಳಕು ಇದೆ. ತೋಟದ ಒಳಗೇ ಬೇಕೆಂದರೆ ಛತ್ರಿ ಹಾಕಿದ ಫ್ಲಾಶ್ ಅನ್ನು ಮುಖಕ್ಕೆ ಮುಖ್ಯ ಬೆಳಕಾಗಿ ಕೊಟ್ಟು, ತೋಟ ಹಿನ್ನೆಲೆಯಲ್ಲಿ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕಡಿಮೆ ಬರುವಂತೆ ನೋಡಿಕೊಳ್ಳಿ. ಶಟರ್ 1/200 ಸೆಕೆಂಡ್‌ಗಿಂತ ಮೇಲೆ ಹೋಗಬೇಡಿ, ಬಹುತೇಕ ಕ್ಯಾಮೆರಾಗಳಲ್ಲಿ ಫ್ಲಾಶ್ ಜೊತೆಗೆ ಅದರಾಚೆ ಕಪ್ಪು ಪಟ್ಟಿ ಬೀಳುತ್ತದೆ. ಮತ್ತೊಂದು ಮಾತು, ಇದು ಫೋಟೋದ್ದಲ್ಲ: ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಆನೆ ಎಲ್ಲಿದೆ ಎಂದು ಕೇಳದೆ ಬೆಳಗ್ಗೆ ಆರಕ್ಕೆ ತೋಟಕ್ಕೆ ಇಳಿಯಬೇಡಿ.

ನಿಜವಾಗಿ ಒಳ್ಳೆಯ ಬೆಳಕು ಇರುವುದು ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ. ಹಳೆಯ ಮನೆಗಳ ಜಗಲಿಗೆ ಮಾಡು (ಸೂರು) ಕೆಳಗೆ ಇಳಿದಿರುತ್ತದೆ, ಮೇಲಿನ ಬೆಳಕು ತಡೆದು ಮುಂದಿನದು ಮಾತ್ರ ಒಳಗೆ ಬರುತ್ತದೆ. ಮಾಡಿನ ಅಂಚಿನಿಂದ ಮೂರು ಅಡಿ ಒಳಗೆ ಕೂರಿಸಿ, ಮುಖ ಅಂಗಳದ ಕಡೆ ಇರಲಿ, ಹಿಂದಿನ ಬಾಗಿಲು ತೆರೆದಿಡಿ. ಒಳಮನೆಯ ಕತ್ತಲೇ ಹಿನ್ನೆಲೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಎಫ್ 4, ಶಟರ್ 1/200 ಇಂದ ಶುರು ಮಾಡಿ. ಬೆಳಗಿನ ಮಂಜಿದ್ದರೆ ಐಎಸ್‌ಒ 800. ಎಕ್ಸ್‌ಪೋಷರ್ ಅಳೆಯುವುದು ಮುಖದ ಮೇಲೆ, ಒಂದೇ ಜಾಗದ ಬೆಳಕು ನೋಡುವ ಸ್ಪಾಟ್ ಮೀಟರಿಂಗ್‌ನಲ್ಲಿ. ಹಿನ್ನೆಲೆ ಕಪ್ಪಾದಾಗ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡುತ್ತದೆ. ಎದುರಿಗೆ ಸಿಮೆಂಟಿನ ಕಾಫಿ ಕಣ ಇದ್ದರೆ ಅದೃಷ್ಟ: ನೆಲದಿಂದ ಮೇಲಕ್ಕೆ ಹೊಮ್ಮುವ ಬೆಳಕು ಟೋಪಿಯ ನೆರಳನ್ನೂ ಕಣ್ಣಿನ ಗುಳಿಯನ್ನೂ ತುಂಬುತ್ತದೆ, ರಿಫ್ಲೆಕ್ಟರ್ ಬಿಚ್ಚುವ ಅಗತ್ಯವೇ ಇಲ್ಲ. ಆದರೆ ಬೆಳಗ್ಗೆ ಒಂಬತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕರ ಮೇಲೆ.

ಬಟ್ಟೆಯ ವಿಷಯ. ಫೋಟೋ ಎಂದ ಕೂಡಲೇ ಗಂಡಸರು ಕುಪ್ಯ ಚೇಲೆ (ಕೊಡವರ ಉದ್ದ ಕೋಟು, ಸೊಂಟಪಟ್ಟಿ), ಹೆಂಗಸರು ರೇಷ್ಮೆ ಸೀರೆ ತೆಗೆಯುತ್ತಾರೆ. ಬೇಡ ಎನ್ನಬೇಡಿ, ಬೇಸರವಾಗುತ್ತದೆ. ಮೊದಲು ದಿನದ ಬಟ್ಟೆಯಲ್ಲಿ ಪ್ರದರ್ಶನದ ಚಿತ್ರ, ಆಮೇಲೆ ಬಟ್ಟೆ ಬದಲಾಯಿಸಿ ಮನೆಗೊಂದು ಕುಟುಂಬದ ಚಿತ್ರ. ಈ ಎರಡನೆಯದಕ್ಕೆ ಹೆಚ್ಚು ಖರ್ಚಿಲ್ಲ, ಮನೆಯವರಿಗೆ ಸಂತೋಷವೂ ಅದರಿಂದಲೇ. ಇಡೀ ಚೌಕಟ್ಟಿನ ಬೆಳಕು ಅಳೆಯುವುದಾದರೆ ಕಪ್ಪು ಕುಪ್ಯಕ್ಕೆ ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ. ಆಶಾದವರ ಗುಲಾಬಿ ಸೀರೆ ಗದ್ದಕ್ಕೆ ಗುಲಾಬಿ ಬಣ್ಣ ಎರಚುತ್ತದೆ; ಬೆಳಕನ್ನು ಪಕ್ಕದಿಂದ ಕೊಟ್ಟರೆ ತಗ್ಗುತ್ತದೆ. ಆಂಬುಲೆನ್ಸ್ ಮತ್ತು ರಕ್ಷಣಾ ತಂಡದವರ ಜಾಕೆಟ್‌ಗಳಲ್ಲಿ ಹೊಳೆಯುವ ಬೂದು ಪಟ್ಟಿ ಇರುತ್ತದಲ್ಲ, ಅದು ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವ ವಸ್ತು. ಫ್ಲಾಶ್ ಕ್ಯಾಮೆರಾದ ತಲೆಯ ಮೇಲಿದ್ದರೆ ಪಟ್ಟಿ ಟ್ಯೂಬ್‌ಲೈಟ್ ಆಗಿ ಮುಖ ಕಾಣದಾಗುತ್ತದೆ. ಫ್ಲಾಶ್ ಅನ್ನು 45 ಡಿಗ್ರಿ ಪಕ್ಕಕ್ಕೆ ಒಯ್ಯಿರಿ, ಪಟ್ಟಿ ಮಾಮೂಲಿ ಬೂದು ಬಟ್ಟೆಯಾಗುತ್ತದೆ. ಕನ್ನಡಕದವರಿಗೆ ಬೆಳಕು ಎತ್ತರದಲ್ಲಿರಲಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕಾಲು ಇಂಚು ಎತ್ತಿದರೆ ಗಾಜು ಕೆಳಗೆ ವಾಲಿ ಪ್ರತಿಫಲನ ಹೋಗುತ್ತದೆ. ಕೋವಿ ಹಿಡಿದು ನಿಲ್ಲುತ್ತೇವೆ ಎಂದವರಿಗೆ, ಅದು ಕುಟುಂಬದ ಚಿತ್ರಕ್ಕಿರಲಿ ಅಂದೆವು.

ಹಾವು ಹಿಡಿಯುವವರು ಹಾವಿನ ಜೊತೆಗೇ ಫೋಟೋ ಬೇಕೆನ್ನುತ್ತಾರೆ. ಖಂಡಿತ ಬೇಡ. ನಾಗರ, ಕಾಳಿಂಗ, ಕೊಳಕುಮಂಡಲ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪರಿಶಿಷ್ಟದಲ್ಲಿವೆ. ಫೋಟೋಗಾಗಿ ಹಾವನ್ನು ಎತ್ತಿ ಹಿಡಿದದ್ದು ಗೋಡೆಯ ಮೇಲೆ ಸಾಕ್ಷಿಯಾಗಿ ತೂಗಿದರೆ ಗೌರವಿಸಲು ಹೋಗಿ ಅವರನ್ನೇ ಸಿಕ್ಕಿಸಿದ ಹಾಗೆ. ಕೊಕ್ಕೆ ಕೋಲು, ಬಟ್ಟೆ ಚೀಲ, ಪಿವಿಸಿ ಪೈಪು ಹಿಡಿದು ನಿಂತ ಚಿತ್ರ ಸಾಕು. ನೋಡುವವರಿಗೆ ಅರ್ಥವಾಗುತ್ತದೆ.

ಹಾಡಿಗಳಿಗೆ, ಅಂದರೆ ಬುಡಕಟ್ಟು ಜನರ ವಸತಿಗಳಿಗೆ, ಹೋಗುವಾಗ ಮೊದಲು ಹಾಡಿಯ ಯಜಮಾನರನ್ನು ಕಾಣಿ, ಕ್ಯಾಮೆರಾ ಒಯ್ಯದೆ. ಹೊರಗಿನವರು ಬಂದು ಫೋಟೋ ತೆಗೆದುಕೊಂಡು ಹೋಗಿ ಮತ್ತೆ ಮುಖ ತೋರಿಸದ ಅನುಭವ ಅಲ್ಲಿ ಬೇಕಾದಷ್ಟಿದೆ. ಯರವ ಅಥವಾ ಜೇನುಕುರುಬ ನುಡಿ ಬಲ್ಲವರು ಜೊತೆಗಿರಲಿ, ಒಪ್ಪಿಗೆ ಪತ್ರವನ್ನು ಅವರ ನುಡಿಯಲ್ಲೇ ಓದಿ ಹೇಳಲಿ. ಕಾಡಂಚಿನಲ್ಲಿ ಮಕ್ಕಳನ್ನು ದಿನವೂ ಶಾಲೆಗೆ ದಾಟಿಸುವ ಒಬ್ಬ ಅಕ್ಕನ ಒಪ್ಪಿಗೆಗೆ ಬಹಳ ಕಾಯಬೇಕಾಯಿತು. ನಾವು ಮೊದಲು ಫೋಟೋ ತೆಗೆದವರಿಗೆ ಪ್ರಿಂಟ್ ಕೈಗೆ ಸಿಕ್ಕಿತೇ ಎಂದು ಅವರು ನೆರೆಯವರನ್ನು ವಿಚಾರಿಸಿ, ಸಿಕ್ಕಿದೆ ಎಂದ ಮೇಲೆ ಕುಳಿತರು.

ಹೆಸರುಗಳಲ್ಲಿ ಅವಸರ ಮಾಡಬೇಡಿ. ಇಲ್ಲಿ ಮನೆಹೆಸರು ಮೊದಲು, ಮದುವೆಯಾದ ಹೆಂಗಸರಿಗೆ ತಾಮನೆಯ (ತವರಿನ) ಹೆಸರೂ ಇರುತ್ತದೆ. ಆಧಾರ್‌ನಲ್ಲಿ ಒಂದು, ಊರವರ ಬಾಯಲ್ಲಿ ಇನ್ನೊಂದು. ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದರೆ ‘ಡ’ ‘ದ’, ‘ಳ’ ‘ಲ’ ಅದಲುಬದಲಾಗುತ್ತವೆ. ಫಾರಂನಲ್ಲಿ ಅವರ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಬರೆಯಲು ಬಾರದಿದ್ದರೆ ಮನೆಯ ಶಾಲೆ ಮಕ್ಕಳು ಬರೆಯಲಿ. ಪ್ರಿಂಟ್‌ಗೆ ಕಳಿಸುವ ಮೊದಲು ಚಿತ್ರದ ಜೊತೆ ಇಡುವ ವಿವರ ಫಲಕವನ್ನು ಫೋನ್‌ನಲ್ಲಿ ಓದಿ ಹೇಳಿ.

ವಿವರ 50 ಪದ ಮೀರದಿರಲಿ. ‘ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ’ ಎಂಬಂಥ ಸನ್ಮಾನ ಪತ್ರದ ಭಾಷೆ ಬಂದರೆ ಗೀಟು ಎಳೆದು, ಅವರು ಏನು ಮಾಡುತ್ತಾರೆ ಎಂಬುದನ್ನಷ್ಟೇ ಬರೆಯಿರಿ. ನಮ್ಮ ಒಂದು ಫಲಕ ಹೀಗಿತ್ತು: “ಮಳೆಗಾಲದಲ್ಲಿ ಜೀಪಿನಲ್ಲಿ ಸದಾ ಹಗ್ಗ, ಕತ್ತಿ, ಗರಗಸ. ರಸ್ತೆಗೆ ಮರ ಬಿದ್ದರೆ ಇವರು ಮೊದಲು ತಲುಪುತ್ತಾರೆ. ಡೀಸೆಲ್ ದುಡ್ಡು ಕೊಡಲು ಹೋದರೆ ಬೈಯುತ್ತಾರೆ.” ಓದಿದವರೆಲ್ಲ ಅವರ ಮುಖ ನೋಡಲು ಮತ್ತೆ ಚಿತ್ರದ ಕಡೆ ತಿರುಗಿದರು. ಫೋನ್ ನಂಬರ್ ಮಾತ್ರ ಹಾಕಬೇಡಿ. ಮೊದಲೇ ಅವರ ಫೋನ್‌ಗೆ ಬಿಡುವಿಲ್ಲ.

ಪ್ರಿಂಟ್ ಹಂತದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಕನ್ನಡ ಅಕ್ಷರ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಹಳೆಯ ಆವೃತ್ತಿಯ ಫೋಟೋಶಾಪ್‌ಗೆ ಹಾಕಿದರೆ ಒತ್ತಕ್ಷರ ಬಿಚ್ಚಿಕೊಂಡು ‘ಪುತ್ತರಿ’ ಎಂಬುದು ‘ಪುತ್‌ತರಿ’ ಆಗುತ್ತದೆ. ಸೆಟ್ಟಿಂಗ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆರಿಸಿದರೆ ಸರಿಯಾಗುತ್ತದೆ. ಹಳೆಯ ಕೋರೆಲ್ ಡ್ರಾ ಇರುವ ಅಂಗಡಿಗಳಲ್ಲಿ ಆ ದಾರಿ ಇಲ್ಲ. ಅವರಿಗೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್‌ಗೆ ಪರಿವರ್ತಿಸಿ ಕೊಡಬೇಕು, ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಅಂಕಿಗಳನ್ನು ಮತ್ತೆ ಕಣ್ಣಾರೆ ನೋಡಬೇಕು. ಎಲ್ಲಕ್ಕಿಂತ ಭದ್ರವಾದದ್ದು, ಅಕ್ಷರಗಳನ್ನು ಕರ್ವ್ (ರೇಖಾಚಿತ್ರ) ಮಾಡಿ ಪಿಡಿಎಫ್ ಕಳಿಸುವುದು. ಆಗ ಅಂಗಡಿಯಲ್ಲಿ ಯಾವ ಫಾಂಟ್ ಇದೆ ಎಂಬ ಚಿಂತೆಯಿಲ್ಲ. ಒಂದೂವರೆ ಮೀಟರ್ ದೂರದಿಂದ ಹಿರಿಯರು ಓದಬೇಕೆಂದರೆ 28 ಪಾಯಿಂಟ್‌ಗಿಂತ ಚಿಕ್ಕದು ಬೇಡ.

ಚಿತ್ರದ ಫೈಲ್ ಎಸ್‌ಆರ್‌ಜಿಬಿ ಬಣ್ಣ ಮಾದರಿಯಲ್ಲಿ, 300 ಡಿಪಿಐ, ಕಡಿಮೆ ಕುಗ್ಗಿಸಿದ ಜೆಪೆಗ್. ಲ್ಯಾಪ್‌ಟಾಪ್ ಪರದೆಯ ಹೊಳಪು ಪೂರ್ತಿ ಇಟ್ಟು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗಿ ಬರುತ್ತದೆ. ಪರದೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಅದಕ್ಕೆ ಹೊಂದುವವರೆಗೆ ಹೊಳಪು ಇಳಿಸಿ. ಕಪ್ಪು ಹೆಚ್ಚಿರುವ ಚಿತ್ರವೊಂದನ್ನು ಮೊದಲು 4 ಇಂಚು 6 ಇಂಚಿಗೆ ಹಾಕಿಸಿ ನೋಡಿ, ಆಮೇಲೆ ಪೂರ್ತಿ ಕೊಡಿ. ದೊಡ್ಡ ಲ್ಯಾಬ್‌ಗಳು ಮೈಸೂರು, ಮಂಗಳೂರಿನಲ್ಲಿ. ಬಸ್ ಪಾರ್ಸೆಲ್‌ನಲ್ಲಿ ತರಿಸುವಾಗ ಸುರುಳಿ ಮಾಡಿಸಬೇಡಿ, ಎರಡು ಸನ್‌ಬೋರ್ಡ್ (ಫೋಮ್ ಹಲಗೆ) ನಡುವೆ ಚಪ್ಪಟೆಯಾಗಿ ಕಟ್ಟಿಸಿ. ಕಾಗದ ಲಸ್ಟರ್ (ಅರೆಹೊಳಪಿನದು), ಮೇಲೆ ಮ್ಯಾಟ್ ಲ್ಯಾಮಿನೇಷನ್. ಗಾಜು ಬೇಡ: ಹೊಳೆಯುತ್ತದೆ, ಒಡೆಯುತ್ತದೆ, ಮಳೆಗಾಲದಲ್ಲಿ ಗಾಜಿಗೆ ಪ್ರಿಂಟ್ ಅಂಟಿಕೊಳ್ಳುತ್ತದೆ. ಫ್ರೇಮಿನ ಹಿಂಬದಿಗೆ ಎಂಡಿಎಫ್ (ಮರದ ನಾರಿನ ಹಲಗೆ) ಹಾಕಿದರೆ ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ, 3 ಎಂಎಂ ಸನ್‌ಬೋರ್ಡ್ ಹಾಕಿಸಿ. ನಮಗೆ ಚಿತ್ರವೊಂದಕ್ಕೆ ಪ್ರಿಂಟ್, ಲ್ಯಾಮಿನೇಷನ್ ಸೇರಿ 250 ರೂಪಾಯಿ ಆಸುಪಾಸು, ಫ್ರೇಮ್‌ಗೆ 700, ವಿವರ ಫಲಕಕ್ಕೆ ನೂರು ಚಿಲ್ಲರೆ ಬಿತ್ತು. ಇದಕ್ಕಿಂತ ಪೆಟ್ರೋಲ್ ಖರ್ಚೇ ಹೆಚ್ಚು. ಪ್ರಾಯೋಜಕರು ಸಿಗುತ್ತಾರೆ, ಆದರೆ ಪ್ರತಿ ಚಿತ್ರದ ಕೆಳಗೂ ತಮ್ಮ ಲೋಗೋ ಕೇಳುತ್ತಾರೆ. ಹೊರಹೋಗುವ ಬಾಗಿಲ ಬಳಿ ಒಂದೇ ಫಲಕದಲ್ಲಿ ಎಲ್ಲರ ಹೆಸರು ಎಂದು ಮೊದಲ ದಿನವೇ ಹೇಳಿಬಿಡಿ. ಒಪ್ಪದವರು ಹೋಗುತ್ತಾರೆ, ಹೋಗಲಿ.

ಹಾಲ್ ಸಿಗುವುದು ತಾಳ್ಮೆ ಬೇಡುವ ಕೆಲಸ. ಸರ್ಕಾರಿ ಅಥವಾ ಪಂಚಾಯಿತಿ ಹಾಲ್‌ಗೆ ಅರ್ಜಿ, ಡಿಪಾಸಿಟ್, ರಸೀದಿ. ಮೈಕ್‌ಗೆ ಪೊಲೀಸ್ ಅನುಮತಿ ಬೇರೆ. ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಬುಕಿಂಗ್ ನಿಂತುಹೋಗಬಹುದು. ಮಾರ್ಚ್‌ನಲ್ಲಿ ಶಾಲಾ ಸಭಾಂಗಣ ಪರೀಕ್ಷೆಗೆ ಹೋಗಿರುತ್ತದೆ. ನಮ್ಮ ಅರ್ಜಿ ಒಂದು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಬಹಳ ದಿನ ಅಲ್ಲೇ ಉಳಿದಿತ್ತು. ಸ್ವೀಕೃತಿ ಮೊಹರು ಹಾಕಿಸಿದ ಪ್ರತಿ ಕೈಯಲ್ಲಿದ್ದದ್ದರಿಂದ ಮುಂದಕ್ಕೆ ಸರಿಯಿತು. ಗೋಡೆಗೆ ಮೊಳೆ ಹೊಡೆಯಲು ಯಾರೂ ಬಿಡುವುದಿಲ್ಲ, ಗೋಡೆಗೆ ತೇವವೂ ಇರುತ್ತದೆ. ಬಿದಿರಿನ ಮೂರು ಕಾಲಿನ ಸ್ಟ್ಯಾಂಡ್ ಮಾಡಿಸಿದೆವು. ಅಗ್ಗ, ಜಾಗ ಬದಲಾಯಿಸಬಹುದು, ನೋಡಲೂ ಚೆಂದ. ಚಿತ್ರದ ಮಧ್ಯಭಾಗ ನೆಲದಿಂದ 145 ಸೆಂಟಿಮೀಟರ್ ಎತ್ತರದಲ್ಲಿರಲಿ, ಎರಡು ಸ್ಟ್ಯಾಂಡ್ ನಡುವೆ ಗಾಲಿಕುರ್ಚಿ ದಾಟುವಷ್ಟು ಜಾಗ ಇರಲಿ. ಹಾಲಿನ ಟ್ಯೂಬ್‌ಲೈಟ್ ಆರಿಸಿ, ಎಲ್ಲ ಕಡೆ ಒಂದೇ 4000 ಕೆಲ್ವಿನ್ ಎಲ್‌ಇಡಿ ಬೆಳಕು ಮೇಲಿನಿಂದ ಓರೆಯಾಗಿ ಬೀಳಲಿ. ಚಿತ್ರಗಳ ಸಾಲು ಊರಿನ ಹೆಸರಿನ ಅಕಾರಾದಿಯಲ್ಲಿ. ಆಗ ಯಾರು ಮೊದಲು, ಯಾರು ಕೊನೆ ಎಂಬ ತಕರಾರಿಲ್ಲ.

ಉದ್ಘಾಟನೆಗೆ ದೀಪ ಬೇಕೇ ಬೇಕೆಂದರೆ ಬಾಗಿಲ ಬಳಿ, ಚಿತ್ರಗಳಿಗೆ ಬೆನ್ನು ಮಾಡಿ. ಭಾಷಣ ಒಂದೇ ಇರಲಿ. ಸ್ವಯಂಸೇವಕರು ತಮ್ಮದೇ ಚಿತ್ರದ ಪಕ್ಕ ನಿಲ್ಲಲು ನಾಚಿ ಹೊರಗೆ ಕಾಫಿ ಹತ್ತಿರ ಗುಂಪಾಗುತ್ತಾರೆ, ಎಳೆದು ತರಬೇಡಿ. ಒಬ್ಬರಿಗೆ ನಡುವೆಯೇ ಫೋನ್ ಬಂದು ಜೀಪು ತೆಗೆದುಕೊಂಡು ಹೋದರು. ಅವರ ಹೆಂಡತಿ ಮಾತ್ರ ಆ ಫಲಕದ ಮುಂದೆ ನಿಂತು ಡೀಸೆಲ್ ಸಾಲನ್ನು ಓದಿ, “ಮನೆಯಲ್ಲಿ ನನಗೂ ಬೈತಾರೆ, ಅದನ್ನೂ ಬರೀಬೇಕಿತ್ತು” ಎಂದರು.

ಮುಗಿದ ಮೇಲೆ ಫ್ರೇಮ್ ಅವರಿಗೇ ಸೇರಬೇಕು, ಸಂಘದ ಕಚೇರಿಯಲ್ಲಿ ಧೂಳು ತಿನ್ನಬಾರದು. ಹಾಲ್‌ಗೆ ಬಾರದವರಿಗೆ ಮನೆಗೇ ತಲುಪಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಅರ್ಧ ಸೆಂಟಿಮೀಟರ್ ದಪ್ಪದ ಕಾರ್ಕ್ ಅಂಟಿಸಿ ಕೊಡಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಿದರೆ ಬೂಷ್ಟು ಹಿಡಿಯುವುದು ತಗ್ಗುತ್ತದೆ. ಪೂರ್ತಿ ಅಳತೆಯ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಮೂಲ ಫೈಲುಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಒಪ್ಪಿಗೆ ಪತ್ರಗಳ ಸ್ಕ್ಯಾನ್ ಅದೇ ಫೋಲ್ಡರ್‌ನಲ್ಲಿ. ಯಾರಾದರೂ ತಮ್ಮ ಚಿತ್ರ ತೆಗೆದುಹಾಕಿ ಎಂದರೆ ಕಾರಣ ಕೇಳದೆ ಅದೇ ದಿನ ತೆಗೆದುಹಾಕಿ, ತೆಗೆದುಹಾಕಿದ್ದೇವೆ ಎಂದು ತಿಳಿಸಿ. ನಮಗೆ ಈಗಾಗಲೇ ಅಂಥ ಒಂದು ಕರೆ ಬಂದಿದೆ, ಫೇಸ್‌ಬುಕ್‌ನಿಂದ ಇಳಿಸಿದ್ದೇವೆ. ಹಾಲ್‌ನ ಡಿಪಾಸಿಟ್ ಇನ್ನೂ ಬರಬೇಕು.